ಪ್ಯಾಕೆಟ್, ಪಿ-1, ಒ-47: ಒಂದು ಹಳೇ ಸಿನಿಮಾದ ನಿಜವಾದ ವಿಮಾನಗಳು

1965ರ 'ದ ಫ್ಲೈಟ್ ಆಫ್ ದ ಫೀನಿಕ್ಸ್' ನೋಡಿದವರಿಗೆ ಅದರ ಕೊನೆಯ ಭಾಗ ಮರೆಯೋಕೆ ಸಾಧ್ಯವಿಲ್ಲ. ಮರುಭೂಮಿಯಲ್ಲಿ ಬಿದ್ದ ದೊಡ್ಡ ವಿಮಾನದ ಚೂರುಗಳನ್ನೇ ಜೋಡಿಸಿ ಕಟ್ಟಿದ ಒಂದು ಸಣ್ಣ ವಿಮಾನ ಮರಳಿನ ಮೇಲೆ ಜಾರುತ್ತಾ, ಕುಲುಕುತ್ತಾ ಹೋಗಿ, ಇನ್ನೇನು ಇದು ಏಳಲ್ಲ ಅನ್ನುವ ಹೊತ್ತಿಗೆ ಮೇಲೇಳುತ್ತದೆ. ರೆಕ್ಕೆಯ ಮೇಲೆ ಮನುಷ್ಯರು ಬೋರಲು ಮಲಗಿರುತ್ತಾರೆ. ನೋಡುವಾಗ ನಮಗೆ ಅದು ಒಂದೇ ವಿಮಾನ. ನಿಜಕ್ಕೂ ಅಲ್ಲಿರೋದು ಮೂರು. ಒಂದು, ನೆಲದ ಮೇಲಿನ ದೃಶ್ಯಗಳಿಗೆ ಅಂತ ಮಾಡಿದ್ದು, ಹಾರೋದಿಲ್ಲ. ಇನ್ನೊಂದು ನಿಜವಾಗಿ ಹಾರಿತು, ಹಾರಿ ಮುರಿದು ಬಿತ್ತು. ಮೂರನೆಯದನ್ನು ಆಮೇಲೆ ಬದಲಿಗೆ ತಂದರು. ಆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಬ್ಬ ಪೈಲಟ್‌ನ ಜೀವ ಹೋಗಿದೆ.

ಈ ಸಿನಿಮಾ ಬಗ್ಗೆ ಮಾತಾಡುವವರು ಜಾಸ್ತಿ ನಟರ ಬಗ್ಗೆ, ನಿರ್ದೇಶಕ ರಾಬರ್ಟ್ ಆಲ್ಡ್ರಿಚ್ ಬಗ್ಗೆ ಮಾತಾಡುತ್ತಾರೆ. ನನಗೆ ಅದರ ವಿಮಾನಗಳೇ ಮುಖ್ಯ. ನಾನು ಕೊಪ್ಪಳದವನು. ಹೊಸಪೇಟೆ ರಸ್ತೆಯಲ್ಲಿ ಗಿಣಿಗೇರಿ ಹತ್ತಿರ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟೋದು, ಮುರಿದದ್ದನ್ನು ರಿಪೇರಿ ಮಾಡೋದು, ಸುತ್ತಲಿನ ಫ್ಯಾಕ್ಟರಿಗಳ ಸಣ್ಣಪುಟ್ಟ ಕೆಲಸ. ಎಂಎಸ್‌ಪಿಎಲ್ ಕಂಪನಿಯ ಏರ್‌ಸ್ಟ್ರಿಪ್ ಅಲ್ಲೇ ಹತ್ತಿರ ಇರೋದರಿಂದ ಅಪರೂಪಕ್ಕೆ ಒಂದು ಸಣ್ಣ ವಿಮಾನ ತಲೆ ಮೇಲೆ ಹೋದರೂ ಹುಡುಗರೆಲ್ಲ ಗ್ರೈಂಡರ್ ನಿಲ್ಲಿಸಿ ಹೊರಗೆ ಬರುತ್ತಾರೆ. ಒಂದು ಕಬ್ಬಿಣದ ಚೂರಿಗೆ ಇನ್ನೊಂದು ಚೂರು ಜೋಡಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಕಥೆ ಯಾಕೆ ಹಿಡಿಸಿತು ಅಂತ ಬೇರೆ ಹೇಳಬೇಕಿಲ್ಲ.

ಕಥೆ ಎಲ್ಲರಿಗೂ ಗೊತ್ತಿರೋದೇ, ಚುಟುಕಾಗಿ ಹೇಳಿಬಿಡ್ತೀನಿ. ಎಲ್ಲೆಸ್ಟನ್ ಟ್ರೆವರ್ 1964ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ಎಣ್ಣೆ ಕಂಪನಿಯ ಜನರನ್ನು ಹೊತ್ತ ಸರಕು ವಿಮಾನವೊಂದು ಸಹಾರಾದಲ್ಲಿ ಮರಳು ಬಿರುಗಾಳಿಗೆ ಸಿಕ್ಕಿ, ಎಂಜಿನ್‌ಗಳು ನಿಂತು, ಕೆಳಗೆ ಬೀಳುತ್ತದೆ. ನೀರು ಕೆಲವೇ ದಿನಕ್ಕೆ ಸಾಕು. ಯಾರೂ ಹುಡುಕಿಕೊಂಡು ಬರೋ ಲಕ್ಷಣ ಇಲ್ಲ. ಆಗ ಒಬ್ಬ ಜರ್ಮನ್ ಎಂಜಿನಿಯರ್, ಉಳಿದ ಭಾಗಗಳಿಂದ ಬೇರೆ ವಿಮಾನ ಕಟ್ಟಬಹುದು ಅಂತ ಲೆಕ್ಕ ಹಾಕುತ್ತಾನೆ. ಆ ಪಾತ್ರ ಹಾರ್ಡಿ ಕ್ರ್ಯೂಗರ್ ಅವರದು. ಪೈಲಟ್ ಪಾತ್ರದಲ್ಲಿ ಜೇಮ್ಸ್ ಸ್ಟೀವರ್ಟ್, ಜೊತೆಗಾರನಾಗಿ ರಿಚರ್ಡ್ ಅಟೆನ್‌ಬರೋ. ನಮ್ಮ 'ಗಾಂಧಿ' ಸಿನಿಮಾ ಮಾಡಿದರಲ್ಲ, ಅವರೇ.

ಬಿದ್ದ ವಿಮಾನದಿಂದ ಇನ್ನೊಂದು ವಿಮಾನ ಕಟ್ಟೋದು ಸುಮ್ನೆ ಕಥೆಗಾರನ ಕಲ್ಪನೆ ಅಂತ ಅನ್ನಿಸಬಹುದು. ಆದರೆ ಬಿದ್ದ ವಿಮಾನ ಯಾವುದು ಅಂತ ನೋಡಿದರೆ ಅದರಲ್ಲಿ ಬುದ್ಧಿ ಇದೆ. ಅದು ಫೇರ್‌ಚೈಲ್ಡ್ ಸಿ-82 ಪ್ಯಾಕೆಟ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್‌ನಲ್ಲಿ ತಯಾರಾದ ಸರಕು ವಿಮಾನ. ಮೊದಲು ಹಾರಿದ್ದು 1944ರ ಸೆಪ್ಟೆಂಬರ್‌ನಲ್ಲಿ, ಕಟ್ಟಿದ್ದು ಒಟ್ಟು 223. ರೆಕ್ಕೆಯ ಈ ತುದಿಯಿಂದ ಆ ತುದಿಗೆ 106 ಅಡಿ, ಉದ್ದ 77 ಅಡಿ. ಎರಡು ಪ್ರಾಟ್ ಅಂಡ್ ವಿಟ್ನಿ ಎಂಜಿನ್, ಒಂದೊಂದೂ 2,100 ಹಾರ್ಸ್‌ಪವರ್. ಮಾಮೂಲಿ ವಿಮಾನಕ್ಕೆ ನಡುವೆ ಒಂದು ಒಡಲು, ಅದರ ಹಿಂದೆ ಬಾಲ ಇರುತ್ತದೆ ಅಲ್ವಾ? ಇದಕ್ಕೆ ಹಾಗಿಲ್ಲ. ನಡುವಿನ ಒಡಲು ಗಿಡ್ಡ, ಅದಕ್ಕೆ ಬಾಲವೇ ಇಲ್ಲ. ಎರಡೂ ಎಂಜಿನ್‌ಗಳ ಬೆನ್ನಿಗೆ ಒಂದೊಂದು ಉದ್ದನೆಯ ಕೊಳವೆ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಬೂಮ್ ಅಂತಾರೆ. ಆ ಎರಡು ಬೂಮ್‌ಗಳ ತುದಿಗೆ ಅಡ್ಡಲಾಗಿ ಬಾಲ ಕೂತಿದೆ.

ಹೀಗೆ ಮಾಡಿದ್ದಕ್ಕೆ ಕಾರಣ ಸರಕು. ಬಾಲ ಅಡ್ಡ ಇಲ್ಲದಿದ್ದರೆ ಒಡಲಿನ ಹಿಂಭಾಗ ಪೂರ್ತಿ ಬಾಗಿಲು ಮಾಡಬಹುದು. ಒಳಗಿನ ನೆಲ ಸಮತಟ್ಟು, ಲಾರಿಯ ಹಿಂಬದಿಯಷ್ಟೇ ಎತ್ತರ. ಲಾರಿ ರಿವರ್ಸ್ ತಂದು ನಿಲ್ಲಿಸಿದರೆ ಸಾಮಾನು ಸೀದಾ ಒಳಗೆ. ಆಗಿನ ಬೇರೆ ವಿಮಾನಗಳು, ಉದಾಹರಣೆಗೆ ಡಕೋಟಾ, ನೆಲದಲ್ಲಿ ನಿಂತಾಗ ಹಿಂದಕ್ಕೆ ವಾಲಿಕೊಂಡಿರುತ್ತಿದ್ದವು. ಪಕ್ಕದ ಬಾಗಿಲಿಂದ ಎತ್ತಿ ಒಳಗಿಟ್ಟು ಮೇಲಕ್ಕೆ ತಳ್ಳಬೇಕಿತ್ತು. ಹಮಾಲಿ ಮಾಡಿದವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಈಗ ಕಥೆಗಾರನ ಬುದ್ಧಿಗೆ ಬರೋಣ. ಒಂದು ಬೂಮ್ ಅಂದರೆ ಮುಂದೆ ಎಂಜಿನ್, ಪಕ್ಕಕ್ಕೆ ರೆಕ್ಕೆ, ಹಿಂದೆ ಬಾಲ. ಒಂದು ವಿಮಾನಕ್ಕೆ ಬೇಕಾದ್ದೆಲ್ಲ ಆಗಲೇ ಒಂದೇ ಸಾಲಿನಲ್ಲಿದೆ. ಇನ್ನೊಂದು ಬದಿಯ ರೆಕ್ಕೆ ತಂದು ಖಾಲಿ ಬದಿಗೆ ಜೋಡಿಸಿಬಿಟ್ಟರೆ, ನಡುವಿನ ಭಾರದ ಒಡಲನ್ನು ಅಲ್ಲೇ ಬಿಟ್ಟು ಹೋಗಬಹುದು. ಬೇರೆ ಯಾವ ಆಕಾರದ ವಿಮಾನ ಬಿದ್ದಿದ್ದರೂ ಈ ಕಥೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಸಿನಿಮಾದವರಿಗೆ ನಿಜವಾದ ಪ್ಯಾಕೆಟ್ ಬೇಕೇ ಬೇಕಾಯಿತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿದ್ದ ಸ್ಟೀವರ್ಡ್-ಡೇವಿಸ್ ಅನ್ನುವ ಕಂಪನಿಯಿಂದ ಹಾರುವ ಸಿ-82 ಒಂದು ಬಂತು. ಬಿದ್ದ ವಿಮಾನವಾಗಿ ತೋರಿಸೋಕೆ ಹಾರದ ಪ್ಯಾಕೆಟ್‌ಗಳ ಭಾಗಗಳು ಬಂದವು.

ರಾಯಚೂರಿನಲ್ಲಿರುವ ನಮ್ಮ ಸೋದರಮಾವ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಆಗ್ರಾದಲ್ಲಿ ಪ್ಯಾಕೆಟ್ ವಿಮಾನಗಳ ಮೇಲೆ ಕೆಲಸ ಮಾಡಿದ್ದಾರೆ. ಅವರಿಗೆ ಈ ಸಿನಿಮಾ ಹಚ್ಚಿ ತೋರಿಸಿದೆ. ಶುರುವಿನಲ್ಲಿ ಆ ವಿಮಾನ ಕಂಡ ಕೂಡಲೇ ಕೈ ಎತ್ತಿ ನಿಲ್ಲಿಸು ಅಂದರು.

"ಇದು ನಮ್ಮ ಪ್ಯಾಕೆಟ್ ಅಲ್ಲ ಅಳಿಯಾ, ಇದರ ತಮ್ಮ ನಮ್ಮದು. ಮೂತಿ ನೋಡು."

ಮೂತಿ ನೋಡಿದೆ. ಸಿ-82ರಲ್ಲಿ ಪೈಲಟ್ ಕೂರುವ ಜಾಗ ಸರಕಿನ ಕೋಣೆಯ ಮೇಲೆ, ಮಹಡಿ ಕಟ್ಟಿದಂಗೆ ಎತ್ತರದಲ್ಲಿದೆ. ನಮ್ಮ ವಾಯುಪಡೆಯಲ್ಲಿದ್ದದ್ದು ಅದರ ನಂತರದ ಸಿ-119. ಅದರಲ್ಲಿ ಪೈಲಟ್‌ಗಳನ್ನು ಕೆಳಗಿಳಿಸಿ, ಮುಂದಕ್ಕೆ ಮೂತಿಗೇ ತಂದು ಕೂರಿಸಿದ್ದಾರೆ. ಎಂಜಿನ್ ಕೂಡ ದೊಡ್ಡದು. ಸಿ-82ಕ್ಕೆ ಶಕ್ತಿ ಸಾಲುತ್ತಿರಲಿಲ್ಲ, ಭಾರ ಹೊತ್ತಾಗ ಒಂದು ಎಂಜಿನ್ ಕೈಕೊಟ್ಟರೆ ಎತ್ತರ ಕಾಯ್ದುಕೊಳ್ಳೋದು ಕಷ್ಟ ಅನ್ನೋ ದೂರು ಮೊದಲಿಂದಲೂ ಇತ್ತು. ಆ ಕೊರತೆ ನೀಗಿಸೋಕೆ ಬಂದದ್ದು ಸಿ-119. ಅಮೆರಿಕದವರು ಅದಕ್ಕೆ ಫ್ಲೈಯಿಂಗ್ ಬಾಕ್ಸ್‌ಕಾರ್ ಅಂದರು. ನಮ್ಮವರು ಮಾತ್ರ ಹಳೇ ಹೆಸರಲ್ಲೇ ಪ್ಯಾಕೆಟ್ ಅಂತ ಕರೆದರು.

ಮಾವ ಆಮೇಲೆ ಸಿನಿಮಾ ಬಿಟ್ಟು ತಮ್ಮ ಕಥೆ ಹೇಳೋಕೆ ಕೂತರು. "ಜೀಪ್ ಚಾಲೂ ಮಾಡೋದು, ಸೀದಾ ಒಳಗ ಹೊಕ್ಕೋದು, ಕಟ್ಟೋದು. ಅಷ್ಟ. ಮೇಲಿಂದ ಸಾಮಾನು ಒಗೀಬೇಕಂದ್ರ ಹಿಂದಿನ ಬಾಗಿಲು ಪೂರ್ತಿ ಬಿಚ್ಚಿ ಇಲ್ಲೇ ಇಟ್ಟು ಹೋಗೋರು. ಹಾರೋದು ತೆರದ ಬಾಗಿಲದಾಗ." ಗಾಳಿ ಒಳಗೆ ಹೇಗೆ ಬರುತ್ತಿರಬೇಕು, ಅದೂ ಲಡಾಖ್ ಚಳಿಯಲ್ಲಿ, ನೀವೇ ಯೋಚನೆ ಮಾಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗ್ತೀನಿ, ಯಾಕೆಂದರೆ ಇದನ್ನು ಬಿಟ್ಟರೆ ಮಾವ ನನ್ನ ಜೊತೆ ಮಾತು ಬಿಡ್ತಾರೆ. ನಮ್ಮ ದೇಶಕ್ಕೆ ಸಿ-119 ಬರೋಕೆ ಶುರುವಾದದ್ದು 1954ರಲ್ಲಿ. 1962ರ ಜುಲೈನಲ್ಲಿ, ಚೀನಾ ಯುದ್ಧಕ್ಕೆ ಕೆಲವೇ ತಿಂಗಳು ಮೊದಲು, ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಅವರು ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದರು. ಅದು 16,000 ಅಡಿಗಿಂತ ಎತ್ತರದ ಜಾಗ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ಉಸಿರೂ ಕಡಿಮೆ. ಅದಕ್ಕಾಗಿ ನಮ್ಮ ಪ್ಯಾಕೆಟ್‌ಗಳ ಬೆನ್ನ ಮೇಲೆ ಇನ್ನೊಂದು ಪುಟ್ಟ ಜೆಟ್ ಎಂಜಿನ್ ಕೂರಿಸಿದ್ದರು. ಆ ಜೆಟ್ ಕಟ್ಟು ತಯಾರು ಮಾಡಿದ್ದು ಯಾರು ಗೊತ್ತಾ? ಅದೇ ಸ್ಟೀವರ್ಡ್-ಡೇವಿಸ್, ಸಿನಿಮಾಕ್ಕೆ ಹಾರುವ ಸಿ-82 ಕೊಟ್ಟ ಕಂಪನಿ. ಬಾಂಗ್ಲಾ ಯುದ್ಧದಲ್ಲಿ, 1971ರ ಡಿಸೆಂಬರ್ 11ರಂದು ಟಂಗೈಲ್‌ನಲ್ಲಿ ನಮ್ಮ ಪ್ಯಾರಾ ಸೈನಿಕರು ಧುಮುಕಿದಾಗಲೂ ಡಕೋಟಾ, ಆ್ಯಂಟನೋವ್‌ಗಳ ಜೊತೆ ಪ್ಯಾಕೆಟ್‌ಗಳಿದ್ದವು. 80ರ ದಶಕದಲ್ಲಿ ಅವು ಸೇವೆಯಿಂದ ಹೋದವು. ಅಂದರೆ ಈ ಸಿನಿಮಾದ ವಿಮಾನ ನಮಗೆ ಅಷ್ಟು ಪರಕೀಯ ಏನಲ್ಲ. ಇದರ ತಮ್ಮನನ್ನು ಬಿಚ್ಚಿ ಜೋಡಿಸಿದ ಕೈಗಳು ನಮ್ಮ ರಾಯಚೂರಿನಲ್ಲೂ ಇವೆ.

ಮತ್ತೆ ಸಿನಿಮಾಕ್ಕೆ. ಜೇಮ್ಸ್ ಸ್ಟೀವರ್ಟ್ ಅವರನ್ನು ಪೈಲಟ್ ಪಾತ್ರಕ್ಕೆ ಹಾಕಿದ್ದು ಸುಮ್ನೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅವರು ಬಿ-24 ಬಾಂಬರ್ ಹಾರಿಸಿದ್ದರು, ಶತ್ರು ನೆಲೆಗಳ ಮೇಲೆ 20 ದಾಳಿಗಳು. ಆಮೇಲೆ ವಾಯುಪಡೆಯ ಮೀಸಲು ದಳದಲ್ಲಿ ಬ್ರಿಗೇಡಿಯರ್ ಜನರಲ್ ಆದರು. ಎಂಜಿನ್ ಸ್ಟಾರ್ಟ್ ಮಾಡುವ ದೃಶ್ಯದಲ್ಲಿ ಅವರ ಮುಖ, ಕೈ ಗಮನಿಸಿ. ಸ್ಟಾರ್ಟ್ ಮಾಡೋಕೆ ಇರೋದು ಏಳೇ ಕಾರ್ಟ್ರಿಡ್ಜ್. ಬಂದೂಕಿನ ತೋಟಾ ಥರದ್ದು, ಹೊಡೆದರೆ ಅದರ ಹೊಗೆಯ ಒತ್ತಡ ಎಂಜಿನ್ ತಿರುಗಿಸುತ್ತದೆ. ಕಾಫ್‌ಮನ್ ಸ್ಟಾರ್ಟರ್ ಅಂತ ಅದರ ಹೆಸರು. ಇಂಗ್ಲೆಂಡಿನ ಹಳೇ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರ್‌ಗಳನ್ನೂ ಕಾರ್ಟ್ರಿಡ್ಜ್ ಹೊಡೆದು ಸ್ಟಾರ್ಟ್ ಮಾಡಬಹುದಿತ್ತು. ಒಂದೊಂದೇ ಮುಗಿಯುತ್ತಾ ಬಂದು, ಕೆಲವೇ ಉಳಿದಾಗ ಪೈಲಟ್ ಅದರಲ್ಲೊಂದನ್ನು ಇಗ್ನಿಷನ್ ಆಫ್ ಇಟ್ಟು ಹೊಡೀತಾನೆ. ಸಿಲಿಂಡರ್ ಒಳಗಿನ ಕಸ ಹೊರಗೆ ಹೋಗಲಿ ಅಂತ. ಜರ್ಮನ್ ಎಂಜಿನಿಯರ್ ಕಿರುಚಾಡುತ್ತಾನೆ. ಕೈಕೆಲಸ ಬಲ್ಲವನಿಗೂ ಲೆಕ್ಕ ಬಲ್ಲವನಿಗೂ ಇರುವ ಜಗಳ ಅಷ್ಟರಲ್ಲೇ ಇದೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾದ ಜಾಗ ಅದು.

ಆ ಎಂಜಿನಿಯರ್ ಆಟಿಕೆ ವಿಮಾನಗಳ ವಿನ್ಯಾಸ ಮಾಡುವವನು ಅಂತ ಗೊತ್ತಾದಾಗ ಪೈಲಟ್‌ಗೆ ನೆಲ ಕುಸಿದಂತಾಗುತ್ತದೆ. ಎಂಜಿನಿಯರ್ ಅದಕ್ಕೆ ಬಗ್ಗೋದಿಲ್ಲ. ನಿಯಮ ಎರಡಕ್ಕೂ ಒಂದೇ, ಒಳಗೆ ಕೂತು ಸರಿಮಾಡೋಕೆ ಮಾದರಿಯಲ್ಲಿ ಮನುಷ್ಯ ಇರೋದಿಲ್ಲ, ಆದ್ದರಿಂದ ಅದು ತನ್ನಷ್ಟಕ್ಕೆ ತಾನೇ ಸ್ಥಿರವಾಗಿ ಹಾರಬೇಕು ಅನ್ನೋದು ಅವನ ವಾದ. ಅವನು ಹೇಳೋದು ಸರಿ. ಕಿನ್ನಾಳದ ಬೊಂಬೆ ಕೆಲಸ ನೋಡಿ ಬೆಳೆದ ನಮಗೆ, ಆಟಿಕೆ ಮಾಡುವವನ ಕೈ ಕೀಳು ಅಂತ ಯಾರಾದರೂ ಅಂದರೆ ಸಿಟ್ಟೇ ಬರುತ್ತದೆ.

ಆದರೆ ಕಥೆಯಲ್ಲಿ ಲೆಕ್ಕ ಸರಿ ಇದ್ದರೆ ಸಾಲದಲ್ಲ, ಕ್ಯಾಮೆರಾ ಮುಂದೆ ಒಂದು ವಿಮಾನ ನಿಜವಾಗಿ ಹಾರಬೇಕಲ್ಲ. ಆ ಕೆಲಸ ಟಾಲ್‌ಮ್ಯಾಂಟ್ಸ್ ಏವಿಯೇಷನ್‌ಗೆ ಬಂತು. ಪಾಲ್ ಮ್ಯಾಂಟ್ಸ್ ಮತ್ತು ಫ್ರಾಂಕ್ ಟಾಲ್‌ಮನ್ ಅನ್ನುವ ಇಬ್ಬರು ಸಿನಿಮಾ ಪೈಲಟ್‌ಗಳು 1961ರಲ್ಲಿ ಕೂಡಿ ಮಾಡಿದ ಕಂಪನಿ ಅದು. ಅನುಭವಿ ವಿನ್ಯಾಸಗಾರ ಒಟ್ಟೊ ಟಿಮ್ ನಕ್ಷೆ ಹಾಕಿದರು. ವಿಮಾನಕ್ಕೆ ಇಟ್ಟ ಹೆಸರು ಫೀನಿಕ್ಸ್ ಪಿ-1. ರೆಕ್ಕೆ ಬೀಚ್‌ಕ್ರಾಫ್ಟ್ ಸಿ-45ರದ್ದು. ಎಂಜಿನ್, ಪ್ರೊಪೆಲ್ಲರ್, ಚಕ್ರದ ಭಾಗಗಳು ಟಿ-6 ಟೆಕ್ಸನ್ ತರಬೇತಿ ವಿಮಾನದ್ದು. ಒಡಲು ಹೊಸದಾಗಿ ಕಟ್ಟಿದ್ದು, ಮರದ ಚೌಕಟ್ಟಿನ ಮೇಲೆ ಪ್ಲೈವುಡ್, ಒಳಗೆ ಟೊಳ್ಳು. ಉದ್ದ ಸುಮಾರು 45 ಅಡಿ, ರೆಕ್ಕೆ ಸುಮಾರು 42 ಅಡಿ. ರೆಕ್ಕೆಗಿಂತ ಮೈಯೇ ಉದ್ದ.

ಇಲ್ಲಿ ಸ್ವಲ್ಪ ನಿಲ್ಲಿ. ಕಥೆಯೊಳಗೆ ಈ ಪುಟ್ಟ ವಿಮಾನಕ್ಕೆ ಪ್ಯಾಕೆಟ್‌ನ 2,100 ಹಾರ್ಸ್‌ಪವರ್ ಎಂಜಿನ್ ಇದೆ. ನಿಜದ ಪಿ-1ಕ್ಕೆ ಇದ್ದದ್ದು ಟೆಕ್ಸನ್ ಎಂಜಿನ್, 600ರ ಆಸುಪಾಸು. ಅಷ್ಟರಲ್ಲೇ ಅದು ಉದ್ದನೆಯ ಮೈ, ಕೆಳಗಿನ ಸ್ಕಿಡ್ ಅನ್ನುವ ಜಾರುಪಟ್ಟಿ, ರೆಕ್ಕೆ ಮೇಲಿನ ಬೊಂಬೆ ಪ್ರಯಾಣಿಕರು ಎಲ್ಲವನ್ನೂ ಎಳೆಯಬೇಕು. ಸಿನಿಮಾದ ಮನುಷ್ಯರಿಗಿಂತ ಸಿನಿಮಾ ಮಾಡಿದ ಮನುಷ್ಯರ ಕೆಲಸವೇ ಕಷ್ಟದ್ದಾಗಿತ್ತು. ಒಳ್ಳೆ ಎಂಜಿನ್, ಒಳ್ಳೆ ರೆಕ್ಕೆ, ಎರಡೂ ಬೇರೆ ಬೇರೆ ವಿಮಾನಕ್ಕೆ ಅಂತ ಲೆಕ್ಕ ಹಾಕಿ ಮಾಡಿದವು. ನಡುವೆ ಹೊಸ ಮರದ ಮೈ. ನಮ್ಮ ಶೆಡ್‌ಗೆ ಬರುವ ಟ್ರೇಲರ್‌ಗಳನ್ನು ನೋಡಿದರೆ ಇದು ತಿಳಿಯುತ್ತದೆ. ಹಳೇ ಚಾಸಿಗೆ ದಪ್ಪ ಹೊಸ ಪ್ಲೇಟ್ ಕೂರಿಸಿ ವೆಲ್ಡಿಂಗ್ ಮಾಡಿದರೆ ಆ ಪ್ಲೇಟ್ ಬಿಡೋದಿಲ್ಲ, ವೆಲ್ಡಿಂಗ್ ಕೂಡ ಬಿಡೋದಿಲ್ಲ. ಅದರ ಪಕ್ಕದಲ್ಲಿ, ಗಟ್ಟಿ ಮುಗಿದು ಮೆತ್ತಗಿನದು ಶುರುವಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಬಣ್ಣದ ಕೆಳಗೆ ಸಣ್ಣ ತುಕ್ಕಿನ ಗೆರೆ. ಹೊಡೆತ ಬಿದ್ದಾಗಲೆಲ್ಲ ಅದು ಬೆಳೆಯುತ್ತಾ ಹೋಗುತ್ತದೆ.

ಪಾಲ್ ಮ್ಯಾಂಟ್ಸ್ ಯಾರು ಅಂತ ಹೇಳದೆ ಮುಂದಕ್ಕೆ ಹೋಗೋದು ತಪ್ಪಾಗುತ್ತದೆ. 1903ರಲ್ಲಿ ಹುಟ್ಟಿದವರು. ಹೆಸರಾಂತ ಮಹಿಳಾ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್‌ಗೆ ಹಾರಾಟದ ಸಲಹೆಗಾರರಾಗಿದ್ದವರು. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರ ಬೇಡವಾದ ವಿಮಾನಗಳನ್ನು ಗುಜರಿ ಬೆಲೆಗೆ ಮಾರಿದಾಗ, 1946ರಲ್ಲಿ ಈ ಮನುಷ್ಯ ಸುಮಾರು 475 ವಿಮಾನಗಳನ್ನು 55,000 ಡಾಲರ್‌ಗೆ ಒಟ್ಟಿಗೆ ಕೊಂಡರು. ಒಂದೊಂದಕ್ಕೆ ನೂರು ಚಿಲ್ಲರೆ ಡಾಲರ್ ಬಿತ್ತು! ಆ ರಾಶಿಯಿಂದ ತೆಗೆದ ಮಸ್ಟ್ಯಾಂಗ್ ಯುದ್ಧವಿಮಾನದಲ್ಲಿ ಬೆಂಡಿಕ್ಸ್ ಅನ್ನುವ ವಿಮಾನಗಳ ರೇಸ್ ಅನ್ನು 1946, 47, 48, ಸತತ ಮೂರು ವರ್ಷ ಗೆದ್ದರು. 1949ರ 'ಟ್ವೆಲ್ವ್ ಓ ಕ್ಲಾಕ್ ಹೈ' ಸಿನಿಮಾಕ್ಕೆ ಬಿ-17 ಅನ್ನುವ ನಾಲ್ಕು ಎಂಜಿನ್ ಬಾಂಬರ್ ಅನ್ನು ಒಬ್ಬರೇ ಹಾರಿಸಿ, ಚಕ್ರ ಬಿಡದೆ, ಹೊಟ್ಟೆಯ ಮೇಲೆ ಇಳಿಸಿದರು. ಹತ್ತು ಜನ ಇರಬೇಕಾದ ವಿಮಾನ ಅದು. ಪುಂಡಾಟಿಕೆಯ ಸಾಹಸಿ ಅಲ್ಲ ಇವರು. ಪ್ರತಿ ಹಾರಾಟಕ್ಕೂ ಮೊದಲು ಕೂತು ಲೆಕ್ಕ ಹಾಕುವ ಮನುಷ್ಯ. ನನ್ನನ್ನು ಸ್ಟಂಟ್ ಪೈಲಟ್ ಅನ್ನಬೇಡಿ, ಪ್ರಿಸಿಷನ್ ಪೈಲಟ್ ಅನ್ನಿ ಅನ್ನೋದು ಅವರ ನಿಲುವು.

ಚಿತ್ರೀಕರಣ ನಡೆದದ್ದು ಸಹಾರಾದಲ್ಲಲ್ಲ. ಅರಿಜೋನಾದ ಯೂಮಾ ಊರಿನ ಹತ್ತಿರ, ಕ್ಯಾಲಿಫೋರ್ನಿಯಾದ ಅಂಚಿನ ಬಟರ್‌ಕಪ್ ವ್ಯಾಲಿಯಲ್ಲಿ. ಬರೀ ಮರಳ ದಿಬ್ಬಗಳು. ಪಿ-1 ಹಾರಿಸಬೇಕಿದ್ದದ್ದು ಫ್ರಾಂಕ್ ಟಾಲ್‌ಮನ್. ಆದರೆ ಅದಕ್ಕೆ ಸ್ವಲ್ಪ ಮೊದಲು, ಮನೆಯಲ್ಲಿ ಮಗನ ಗೋ-ಕಾರ್ಟ್ ತಳ್ಳುವಾಗ ಬಿದ್ದು ಅವರ ಮಂಡಿ ಚಿಪ್ಪು ಪುಡಿಯಾಯಿತು. ಆಕಾಶದಲ್ಲಿ ಏನೇನೋ ಮಾಡಿದ ಮನುಷ್ಯನಿಗೆ ಪೆಟ್ಟಾದದ್ದು ಮನೆ ಅಂಗಳದಲ್ಲಿ. ಹಾಗಾಗಿ ಅವರ ಬದಲು ಅರವತ್ತು ದಾಟಿದ್ದ ಮ್ಯಾಂಟ್ಸ್ ಕೂತರು.

1965ರ ಜುಲೈ 8, ಬೆಳಗಿನ ಜಾವ. ಜುಲೈನಲ್ಲಿ ಯೂಮಾ ಸೀಮೆಯ ಬಿಸಿಲು ನಮ್ಮ ರಾಯಚೂರಿನ ಮೇ ತಿಂಗಳಿಗೇನೂ ಕಡಿಮೆ ಇಲ್ಲ. ಬಿಸಿ ಗಾಳಿ ತೆಳುವಾಗಿರುತ್ತದೆ, ತೆಳು ಗಾಳಿಯಲ್ಲಿ ವಿಮಾನ ಕಷ್ಟಪಟ್ಟು ಏಳುತ್ತದೆ, ಹಾಗಾಗಿ ತಂಪು ಹೊತ್ತೇ ಒಳ್ಳೆಯದು. ಮಾಡಬೇಕಿದ್ದದ್ದು ಇಷ್ಟು: ಹಾರಿ ಬಂದು, ಕೆಳಗಿಳಿದು, ಕ್ಯಾಮೆರಾ ಮುಂದೆ ನೆಲಕ್ಕೆ ತಾಗಿಸಿ ಸ್ವಲ್ಪ ದೂರ ಜಾರಿ, ಮತ್ತೆ ಥ್ರಾಟಲ್ ಕೊಟ್ಟು ಮೇಲೇಳೋದು. ನೋಡುವವರಿಗೆ ಅದು ಮೊದಲ ಸಲ ನೆಲ ಬಿಟ್ಟು ಏಳುವಂತೆ ಕಾಣಬೇಕು. ಮ್ಯಾಂಟ್ಸ್ ಹಿಂದೆ, ಹಾರ್ಡಿ ಕ್ರ್ಯೂಗರ್ ಪಾತ್ರದ ಜಾಗದಲ್ಲಿ, ಬಾಬಿ ರೋಸ್ ಅನ್ನುವ ಸ್ಟಂಟ್ ಕಲಾವಿದ ನಿಂತಿದ್ದರು. ಕೂತಿದ್ದಲ್ಲ, ನಿಂತಿದ್ದು.

ಮೊದಲನೇ ಸಲ ಆಯಿತು. ಎರಡನೇ ಟೇಕ್‌ಗೆ ವಿಮಾನ ಮತ್ತೆ ಬಂತು. ನೆಲಕ್ಕೆ ತಾಗಿದಾಗ ಬಿದ್ದ ಹೊಡೆತ ಆ ಮರದ ಮೈಗೆ ಜಾಸ್ತಿಯಾಯಿತು. ಒಡಲು ಮುರಿಯಿತು, ಮೂತಿ ಮರಳಿಗೆ ಹೊಡೆಯಿತು, ವಿಮಾನ ಮಗುಚಿತು. ಮ್ಯಾಂಟ್ಸ್ ಅಲ್ಲೇ ತೀರಿಕೊಂಡರು. ಆಗ ಅವರಿಗೆ 61. ಬಾಬಿ ರೋಸ್‌ಗೆ ಭಾರಿ ಪೆಟ್ಟಾಯಿತು, ಬದುಕಿದರು.

ಎರಡನೇ ಟೇಕ್ ಯಾಕೆ ಬೇಕಿತ್ತು ಅನ್ನೋ ಪ್ರಶ್ನೆ ನನ್ನನ್ನು ಬಿಡೋದಿಲ್ಲ. ಸಿನಿಮಾದಲ್ಲಿ ಇನ್ನೊಂದು ಟೇಕ್ ಅನ್ನೋದು ತೀರಾ ಮಾಮೂಲಿ ಮಾತು. ನಟ ಅದೇ ಡೈಲಾಗ್ ಹತ್ತು ಸಲ ಹೇಳಿದರೂ ಅವನಿಗೆ ಏನೂ ಆಗೋದಿಲ್ಲ. ಮೊದಲ ಸಲ ನೆಲಕ್ಕೆ ತಾಗಿದ ವಿಮಾನ ಎರಡನೇ ಸಲಕ್ಕೆ ಅದೇ ವಿಮಾನ ಆಗಿರೋದಿಲ್ಲ. ಅದರ ಕೀಲುಗಳು ಒಂದು ಹೊಡೆತ ತಿಂದಿರುತ್ತವೆ. ಅಂಥ ಒಂದೇ ಒಂದು ಜೋಡಣೆ ವಿಮಾನದಲ್ಲಿ, ಮೊದಲ ಸಲ ಸುರಕ್ಷಿತವಾಗಿ ಎದ್ದದ್ದೇ ಸಾಕು ಅಂತ ನಿಲ್ಲಿಸಿ, ಇಳಿಸಿ, ಒಂದೊಂದು ಜಾಯಿಂಟ್ ಬೆರಳಲ್ಲಿ ಮುಟ್ಟಿ ನೋಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಇದನ್ನು ಮಾವನಿಗೆ ಹೇಳಿದಾಗ ಅವರು ತುಂಬ ಹೊತ್ತು ಸುಮ್ಮನಿದ್ದು, "ಫಿಟ್ಟರ್ ಸಹಿ ಹಾಕೋತನಕ ವಿಮಾನ ಏಳಬಾರದು ಅಳಿಯಾ, ಯಾರು ಹೇಳಿದ್ರೂ" ಅಂದರು.

ಆಮೇಲೆ ಸಿನಿಮಾ ಹೇಗೆ ಮುಗಿಯಿತು? ಹಾರುವ ಫೀನಿಕ್ಸ್ ಚೂರಾಗಿತ್ತು, ಹಾರಾಟದ ದೃಶ್ಯಗಳು ಪೂರ್ತಿ ಆಗಿರಲಿಲ್ಲ. ಪ್ಲೇನ್ಸ್ ಆಫ್ ಫೇಮ್ ಅನ್ನುವ ಮ್ಯೂಸಿಯಂನಿಂದ ನಾರ್ತ್ ಅಮೆರಿಕನ್ ಒ-47 ಅನ್ನುವ ವಿಮಾನ ತಂದರು. 1930ರ ದಶಕದ ಸೇನಾ ವೀಕ್ಷಣಾ ವಿಮಾನ, ಮೂರು ಜನ ಕೂರುವಂಥದ್ದು. ಅದರ ಗಾಜಿನ ಮುಚ್ಚಳ ತೆಗೆದು, ಚಕ್ರಗಳಿಗೆ ಸ್ಕಿಡ್ ಕಟ್ಟಿ, ಪಿ-1ರ ಥರ ಬಣ್ಣ ಬಳಿದು ಹಾರಿಸಿದರು. ಎಡಿಟರ್ ಮೈಕೆಲ್ ಲುಸಿಯಾನೋ ಈ ಮೂರನ್ನೂ ಸೇರಿಸಿ ಹೊಲಿದರು. ಆ ಎಡಿಟಿಂಗ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಹೊಲಿಗೆ ಅಷ್ಟು ಚೆನ್ನಾಗಿದೆ, ಮೊದಲ ಸಲ ನೋಡುವವರಿಗೆ ಗೊತ್ತೇ ಆಗೋದಿಲ್ಲ.

ಗೊತ್ತು ಮಾಡಿಕೊಳ್ಳೋಕೆ ಒಂದು ದಾರಿ ಇದೆ. ಕೊನೆಯ ಹಾರಾಟದಲ್ಲಿ ವಿಮಾನದ ಹೊಟ್ಟೆ ನೋಡಿ. ಪಿ-1ರ ಮೈ ತೆಳ್ಳಗೆ, ಎಂಜಿನ್ ಹಿಂದಿಂದ ಬಾಲದ ತನಕ ಸಣ್ಣಗಾಗುತ್ತಾ ಹೋಗುತ್ತದೆ. ಒ-47ಕ್ಕೆ ರೆಕ್ಕೆಯ ಕೆಳಗೆ ದೊಡ್ಡ ಜೋಲು ಹೊಟ್ಟೆ. ಕೆಳಗಿನ ನೆಲ ನೋಡುವ ವೀಕ್ಷಕ ಕೂರಲಿ ಅಂತ ಮಾಡಿದ ಜಾಗ ಅದು, ಯಾವ ಬಣ್ಣ ಬಳಿದರೂ ಮುಚ್ಚೋದಿಲ್ಲ. ಒಂದು ಶಾಟ್‌ನಲ್ಲಿ ತೆಳ್ಳಗಿನ ಮೈ, ಮುಂದಿನ ಶಾಟ್‌ನಲ್ಲಿ ದಪ್ಪ ಹೊಟ್ಟೆ. ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಆಮೇಲೆ ಬೇರೇನೂ ಕಾಣೋದಿಲ್ಲ. ಇದನ್ನು ನಾನು ತಪ್ಪು ಹುಡುಕೋಕೆ ಹೇಳ್ತಿಲ್ಲ. ತೆಳ್ಳಗಿನ ಮೈ ಕಂಡಾಗ ಅದನ್ನು ಹಾರಿಸಿದ ಮ್ಯಾಂಟ್ಸ್ ನೆನಪಾಗಲಿ ಅಂತ ಹೇಳ್ತಿದ್ದೀನಿ.

ಸಿನಿಮಾ ತಂಡ ಅವರನ್ನು ಮರೆಯಲಿಲ್ಲ. ಈ ಚಿತ್ರ ಮಾಡುವಾಗ ಪ್ರಾಣ ಕೊಟ್ಟವರು ಅಂತ ಪಾಲ್ ಮ್ಯಾಂಟ್ಸ್ ಹೆಸರನ್ನು ತೆರೆಯ ಮೇಲೆ ಹಾಕಿದ್ದಾರೆ. ಟಾಲ್‌ಮನ್ ಅವರ ಮಂಡಿಗೆ ಸೋಂಕು ಏರಿ ಕಾಲನ್ನೇ ತೆಗೆಯಬೇಕಾಯಿತು. ಒಂದೇ ಕಾಲಲ್ಲಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ತುಳಿಯೋದು ಕಲಿತು, ಮತ್ತೆ ಲೈಸೆನ್ಸ್ ಪಡೆದು, ಸಿನಿಮಾಗಳಿಗೆ ಮತ್ತೆ ಹಾರಿದರು. 1978ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಬೆಟ್ಟಗಳಲ್ಲಿ ಕೆಟ್ಟ ಹವೆಗೆ ಸಿಕ್ಕಿ ಅವರೂ ವಿಮಾನದಲ್ಲೇ ಹೋದರು.

2004ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದರು. ನಮೀಬಿಯಾದಲ್ಲಿ ಚಿತ್ರೀಕರಣ, ಸಿ-82 ಬದಲು ಸಿ-119. ಅಂದರೆ ನಮ್ಮ ಮಾವನ ಪ್ಯಾಕೆಟ್. ಬೀಳುವ ದೃಶ್ಯವನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಭರ್ಜರಿಯಾಗಿ ಮಾಡಿದ್ದಾರೆ. ನನಗೆ ಹಳೆಯದೇ ಹಿಡಿಸುತ್ತದೆ, ಆದರೂ ಒಂದು ಮಾತು ಒಪ್ಪಬೇಕು. ಗ್ರಾಫಿಕ್ಸ್ ಬಂದ ಮೇಲೆ ಅಂಥ ಶಾಟ್‌ಗೆ ಯಾರೂ ಸಾಯಬೇಕಿಲ್ಲ. ಅದರ ಎದುರು ನನ್ನ ಇಷ್ಟಾನಿಷ್ಟ ಏನೂ ದೊಡ್ಡದಲ್ಲ.

ಸಿ-82 ನೋಡಬೇಕು ಅಂದರೆ ಅಮೆರಿಕಕ್ಕೇ ಹೋಗಬೇಕು. ಹೇಗರ್ಸ್‌ಟೌನ್‌ನ ಮ್ಯೂಸಿಯಂನವರು 2006ರಲ್ಲಿ ವಯೋಮಿಂಗ್ ರಾಜ್ಯದಿಂದ ಒಂದು ಪ್ಯಾಕೆಟ್ ಅನ್ನು ಹಾರಿಸಿಕೊಂಡೇ ಅದು ಹುಟ್ಟಿದ ಊರಿಗೆ ತಂದಿದ್ದಾರೆ. ಅದರ ತಮ್ಮ ಸಿ-119 ಮಾತ್ರ ದಿಲ್ಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲೇ ಇದೆ. ದಿಲ್ಲಿಗೆ ಹೋದವರು ಕೆಂಪುಕೋಟೆ ಜೊತೆ ಅದನ್ನೂ ನೋಡಿ ಬನ್ನಿ, ಹಿಂದಿನ ಬಾಗಿಲ ಹತ್ತಿರ ನಿಂತು ಎರಡೂ ಬೂಮ್‌ಗಳನ್ನು ತಲೆ ಎತ್ತಿ ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಯಾರಾದರೂ ಪ್ಯಾಕೆಟ್ ಮೇಲೆ ಕೆಲಸ ಮಾಡಿದ್ದರೆ, ನಿಮ್ಮ ಮನೆಯ ಹಿರಿಯರು ಮಾಡಿದ್ದರೆ, ದಯವಿಟ್ಟು ಬರೆದು ತಿಳಿಸಿ. ಹಳೇ ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಮಾವನಿಗೆ ತೋರಿಸ್ತೀನಿ.